ಒಸರುವ ಏರಿಯನ್ನು ಹೊರಗಿನಿಂದ ಮುಚ್ಚಬೇಡಿ

ಪ್ರಶ್ನೆ: ನಮ್ಮದು ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕು. ಸುಮಾರು ನಲವತ್ತು ವರ್ಷದ ಹಿಂದೆ ನಮ್ಮ ಮಾವನವರು ಜಮೀನಿನ ನಡುವೆ ಹರಿಯುವ ಸಣ್ಣ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿಸಿ ಕಟ್ಟೆ ಕಟ್ಟಿಸಿದರು. ತೆಂಗು, ಹಿಪ್ಪುನೇರಳೆಗೆ ಅದೇ ಆಧಾರ. ಏರಿ 16 ಅಡಿ ಎತ್ತರ, ಮೇಲೆ 8 ಅಡಿ ಅಗಲ. ತುಂಬಿದಾಗ ಒಂದೂವರೆ ಎಕರೆಯಷ್ಟು ನೀರು, ಆಳ 12 ಅಡಿ. ತೂಬಿಲ್ಲ, ಮೋಟಾರಿನಿಂದ ನೀರೆತ್ತುತ್ತೇವೆ. ಹೆಚ್ಚಾದ ನೀರು ಹೋಗಲು ಒಂಬತ್ತು ಇಂಚಿನ ಎರಡು ಪೈಪುಗಳಿವೆ. ಮೇಲಿನಿಂದ ಸುಮಾರು ನೂರು ಎಕರೆಯ ಮಳೆನೀರು ಬರುತ್ತದೆ. ಹೋದ ವರ್ಷದಿಂದ ಏರಿಯ ಹೊರಬುಡದಲ್ಲಿ ನೀರು ಒಸರುತ್ತಿದೆ. ಹೊರಗಡೆ ಜೇಡಿಮಣ್ಣು ಮೆತ್ತಿದರೆ ನಿಲ್ಲುತ್ತದೆ ಎಂದು ಮೈದುನ ಹೇಳುತ್ತಾನೆ. ಏರಿಯನ್ನು ಇನ್ನೂ ಮೂರು ಅಡಿ ಎತ್ತರಿಸಿಬಿಡಿ ಎಂದು ಜೆಸಿಬಿಯವರು ಹೇಳುತ್ತಾರೆ. ಏರಿಯ ಮೇಲೆ ಹೊಂಗೆ, ಜಾಲಿ ಬೆಳೆದಿವೆ. ಕೆಳಗೆ ಊರಿನ ರಸ್ತೆ, ಎರಡು ಮನೆ, ನಮ್ಮ ಆಳು ರಾತ್ರಿ ಮಲಗುವ ಕೊಟ್ಟಿಗೆ ಇವೆ. ಏನು ಮಾಡಬೇಕು? ಒಡೆದರೆ ಹೊಣೆ ಯಾರದು?

ಉತ್ತರ: ಪತ್ರ ಓದುತ್ತಾ ನನ್ನ ಕಣ್ಣು ನಿಂತದ್ದು ಆ ಕೊಟ್ಟಿಗೆಯ ಮೇಲೆ. ತಾಯಿ, ಉಳಿದದ್ದನ್ನು ಆಮೇಲೆ ಓದಿ. ಇವತ್ತು ರಾತ್ರಿಯಿಂದಲೇ ಅಲ್ಲಿ ಯಾರೂ ಮಲಗದಂತೆ ನೋಡಿಕೊಳ್ಳಿ. ದನಗಳನ್ನೂ ಮೇಲಿನ ಬದಿಗೆ ಕಟ್ಟಿಸಿ. ಕೆಳಗಿನ ಎರಡು ಮನೆಯವರಿಗೆ ವಿಷಯ ತಿಳಿಸಿ, ಅವರ ಮೊಬೈಲ್ ಸಂಖ್ಯೆಗಳನ್ನು ಮನೆಮಂದಿಯೆಲ್ಲ ತಮ್ಮ ಫೋನಿನಲ್ಲಿ ಇಟ್ಟುಕೊಳ್ಳಿ. ಹೆದರಿಸಲು ಹೇಳುತ್ತಿಲ್ಲ. ನಿಮ್ಮ ಏರಿ ನಾಳೆಯೇ ಒಡೆಯುತ್ತದೆ ಎಂದು ನನಗೆ ಅನ್ನಿಸಿಲ್ಲ. ಆದರೆ ಒಡೆದ ಮಣ್ಣಿನ ಏರಿಗಳಲ್ಲಿ ಬಹಳಷ್ಟು ಮಳೆಯ ರಾತ್ರಿಗಳಲ್ಲೇ ಒಡೆದಿವೆ, ಆಗ ಎಚ್ಚರಿಸುವವರು ಯಾರೂ ಎದ್ದಿರುವುದಿಲ್ಲ.

ಕಟ್ಟೆಯಲ್ಲಿ ಎಷ್ಟು ನೀರಿದೆ ಎಂಬ ಅಂದಾಜು ನಿಮಗಿರಬೇಕು. ನೀರು ನಿಂತ ವಿಸ್ತೀರ್ಣವನ್ನು ಆಳದಿಂದ ಗುಣಿಸಿ, ಬಂದದ್ದರಲ್ಲಿ ನೂರಕ್ಕೆ ನಲವತ್ತು ಭಾಗ ತೆಗೆದುಕೊಂಡರೆ ಇಂಥ ಹಳ್ಳದ ಕಟ್ಟೆಗಳಿಗೆ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ನಿಮ್ಮದಕ್ಕೆ ಸುಮಾರು 88 ಲಕ್ಷ ಲೀಟರ್ ಬರುತ್ತದೆ. 5,000 ಲೀಟರಿನ ಟ್ಯಾಂಕರುಗಳಲ್ಲಿ ತುಂಬಿದರೆ 1,700ಕ್ಕೂ ಹೆಚ್ಚು ಟ್ಯಾಂಕರ್. ಏರಿ ಒಡೆದರೆ ಇದರಲ್ಲಿ ಹೆಚ್ಚಿನ ಪಾಲು ಅರ್ಧ ಗಂಟೆಯೊಳಗೆ ಆ ರಸ್ತೆಯ ಮೇಲೆ ಹಾದುಹೋಗಬಹುದು. 2018ರ ಮೇ 9ರಂದು ಕೀನ್ಯಾ ದೇಶದ ಸೊಲಾಯ್ ಎಂಬಲ್ಲಿ ಒಂದು ಖಾಸಗಿ ತೋಟದ ನೀರಾವರಿಗಾಗಿ ಕಟ್ಟಿದ್ದ ಮಣ್ಣಿನ ಕಟ್ಟೆ ರಾತ್ರಿ ಒಡೆದು 40ಕ್ಕೂ ಹೆಚ್ಚು ಜನ ಸತ್ತರು. ಅದು ನಿಮ್ಮದಕ್ಕಿಂತ ದೊಡ್ಡದು, ನಿಜ. ಆದರೆ ಅದನ್ನೂ ಜನ ತೋಟದ ಕಟ್ಟೆ ಎಂದೇ ಕರೆಯುತ್ತಿದ್ದರು.

ಈಗ ಒಸರಿನ ವಿಷಯ. ನೀರು ನಿಂತ ಪ್ರತಿಯೊಂದು ಮಣ್ಣಿನ ಏರಿಯೂ ಒಸರುತ್ತದೆ. ಒಸರದ ಏರಿಯನ್ನು ನನ್ನ ಸೇವಾವಧಿಯಲ್ಲಿ ನಾನು ಕಂಡಿಲ್ಲ. ಒಳಮೈಯಿಂದ ಹೊಕ್ಕ ನೀರು ಮಣ್ಣಿನ ಕಣಗಳ ನಡುವೆ ದಾರಿ ಮಾಡಿಕೊಂಡು, ನಿಧಾನವಾಗಿ ಇಳಿಯುತ್ತಾ ಹೊರಬುಡಕ್ಕೆ ಬರುತ್ತದೆ. ಹಾಗೆ ಬರುವ ನೀರು ಮಣ್ಣನ್ನು ಬಿಟ್ಟು ಬರುತ್ತಿದೆಯೋ, ಹೊತ್ತು ತರುತ್ತಿದೆಯೋ ಎಂಬುದರ ಮೇಲೆ ನಿಮ್ಮ ಏರಿಯ ಆಯಸ್ಸು ನಿಂತಿದೆ. ತಿಳಿನೀರಾದರೆ ಕಾವಲಿಟ್ಟರೆ ಸಾಕು. ಬಗ್ಗಡವಾದರೆ ಏರಿ ಒಳಗಿಂದ ಖಾಲಿಯಾಗುತ್ತಿದೆ ಎಂದೇ ಅರ್ಥ. ಹೊರಬುಡದಲ್ಲಿ ಒಂದೊಂದೇ ಕಣ ಕಳಚಿ, ಆ ತೂತು ಹಿಂದಕ್ಕೆ, ಅಂದರೆ ಕಟ್ಟೆಯ ನೀರಿನ ಕಡೆಗೆ ಬೆಳೆಯುತ್ತಾ ಹೋಗುತ್ತದೆ. ಎಂಜಿನಿಯರುಗಳು ಇದನ್ನು ಪೈಪಿಂಗ್ ಎನ್ನುತ್ತಾರೆ. ತಿಂಗಳುಗಟ್ಟಲೆ ಏನೂ ಆಗದಂತೆ ಕಾಣಿಸಿ, ಸುರಂಗ ನೀರನ್ನು ಮುಟ್ಟಿದ ಮೇಲೆ ಗಂಟೆಗಳಲ್ಲಿ ಮುಗಿದುಹೋಗುತ್ತದೆ. ಅಮೆರಿಕದ ಟೀಟನ್ ಅಣೆಕಟ್ಟು 90 ಮೀಟರಿಗೂ ಎತ್ತರವಿತ್ತು, ಕಲಿತ ಎಂಜಿನಿಯರುಗಳೇ ಕಟ್ಟಿಸಿದ್ದರು. 1976ರ ಜೂನ್ 5ರ ಬೆಳಿಗ್ಗೆ ಅಲ್ಲಿ ಬಗ್ಗಡದ ಒರತೆ ಕಂಡಿತು. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಏರಿ ಕುಸಿದಾಗಿತ್ತು.

ಬಗ್ಗಡವೋ ತಿಳಿಯೋ ಎಂಬುದನ್ನು ಬರಿಗಣ್ಣಿನಲ್ಲಿ ತೀರ್ಮಾನಿಸಬೇಡಿ. ಕೆಮ್ಮಣ್ಣಿನ ಮೇಲೆ ಹರಿಯುವ ತಿಳಿನೀರೂ ಕೆಂಪಗೆ ಕಾಣುತ್ತದೆ. ಒಸರುವ ಜಾಗದಲ್ಲಿ ಗೇಣು ಆಳದ ಸಣ್ಣ ಗುಂಡಿ ತೋಡಿ, ಒಂದು ದಿನ ಬಿಟ್ಟು, ನೀರು ನೆಲೆಗೊಂಡ ಮೇಲೆ ಒಂದು ಲೀಟರಿನ ಪಾರದರ್ಶಕ ಬಾಟಲಿಯಲ್ಲಿ ಹಿಡಿಯಿರಿ. ರಾತ್ರಿಯಿಡೀ ಅಲುಗಾಡಿಸದೆ ಇಡಿ. ಬೆಳಿಗ್ಗೆ ತಳದಲ್ಲಿ ಮಣ್ಣಿನ ಪದರ ಕೂತಿದ್ದರೆ, ಅದು ಕಾಗದದಷ್ಟು ತೆಳುವಾಗಿದ್ದರೂ, ತಡಮಾಡದೆ ಎಂಜಿನಿಯರನ್ನು ಕರೆಸಿ. ಒಸರಿನ ಬಾಯಲ್ಲಿ ಇರುವೆಗೂಡಿನಂತೆ ಸಣ್ಣ ಮಣ್ಣಿನ ಗುಡ್ಡೆ ಬೆಳೆದಿದ್ದರೂ ಅದೇ ಅರ್ಥ. ಜೊತೆಗೆ ಅಳೆಯುವುದನ್ನೂ ಶುರುಮಾಡಿ. ಒಸರನ್ನು ಒಂದು ತುಂಡು ಪೈಪಿಗೆ ತಿರುಗಿಸಿ, 10 ಲೀಟರಿನ ಬಕೆಟ್ ಎಷ್ಟು ಸೆಕೆಂಡಿಗೆ ತುಂಬುತ್ತದೆ ಎಂದು ಮೊಬೈಲಿನ ಗಡಿಯಾರದಲ್ಲಿ ನೋಡಿ. ನಲವತ್ತು ಸೆಕೆಂಡಾದರೆ ನಿಮಿಷಕ್ಕೆ 15 ಲೀಟರ್. ದಿನಾಂಕ, ಆ ದಿನದ ಕಟ್ಟೆಯ ನೀರಿನ ಮಟ್ಟ, ಬಕೆಟ್ ತುಂಬಿದ ಹೊತ್ತು, ಈ ಮೂರನ್ನು ಒಂದು ನೋಟುಪುಸ್ತಕದಲ್ಲಿ ಬರೆಯಿರಿ. ಕಟ್ಟೆಯ ನೀರು ಇಳಿದಂತೆ ಒಸರೂ ಕಡಿಮೆಯಾದರೆ ಸಹಜ. ನೀರು ಅಷ್ಟೇ ಇದ್ದು ಒಸರು ಹೆಚ್ಚುತ್ತಿದ್ದರೆ ಒಳಗೆ ದಾರಿ ಅಗಲವಾಗುತ್ತಿದೆ.

ನಿಮ್ಮ ಮೈದುನನ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಅವರ ಕಾಳಜಿಯ ಬಗ್ಗೆ ನನಗೆ ಸಂಶಯವಿಲ್ಲ, ಯಾರಿಗಾದರೂ ಮೊದಲು ಹೊಳೆಯುವುದೇ ಅದು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಪಕ್ಕದ ತಾಲ್ಲೂಕಿನ ರೈತರೊಬ್ಬರು ಹೀಗೆಯೇ ಮಾಡಿದ್ದರು. ಮೂರು ಟ್ರ್ಯಾಕ್ಟರ್ ಜೇಡಿಮಣ್ಣು ತರಿಸಿ ಹೊರಬುಡಕ್ಕೆ ಮೆತ್ತಿ ದಿಮ್ಮಸು ಹಾಕಿಸಿದರು. ಎರಡು ದಿನಕ್ಕೆ ಒಸರು ನಿಂತಿತು. ನನ್ನನ್ನು ಕರೆದು ತೋರಿಸಿದರು, ನಾನೂ ಮೆಚ್ಚಿಕೊಂಡು ಬಂದೆ. ಹತ್ತು ದಿನದ ಮೇಲೆ ಮತ್ತೆ ಹೋದಾಗ ಹಳೆಯ ಒಸರಿಗಿಂತ ನಾಲ್ಕು ಅಡಿ ಮೇಲೆ ಏರಿಯ ಹೊರಮೈ ಬೆವರಿದಂತೆ ತೇವವಾಗಿತ್ತು. ಕೈಯಿಟ್ಟರೆ ಅಂಗೈ ಒಳಕ್ಕೆ ಇಳಿಯುವಷ್ಟು ಮೆತ್ತಗೆ. ಹೊರಹೋಗುವ ಬಾಯಿ ಮುಚ್ಚಿದ್ದರಿಂದ ನೀರು ಏರಿಯೊಳಗೇ ಮೇಲೇರಿ ಇಡೀ ಮಣ್ಣನ್ನು ನೆನೆಸಿತ್ತು. ಅದೇ ವಾರ ಒಂದು ರಾತ್ರಿ ಹೊರಮೈ ಜಾರಿ ಏರಿ ಬಾಯಿಬಿಟ್ಟಿತು, ಕೆಳಗಿನ ಕಬ್ಬೆಲ್ಲ ಮರಳಿನಡಿ ಹೋಯಿತು. ಜನ ಉಳಿದರು. ಆ ದಿನ ನಾನು ಮೆಚ್ಚಿದ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ: ಹೊರಗಿನಿಂದ ನೀರನ್ನು ತಡೆಯಬಾರದು, ಮಣ್ಣನ್ನು ಮಾತ್ರ ತಡೆಯಬೇಕು.

ಮಣ್ಣನ್ನು ತಡೆದು ನೀರನ್ನು ಬಿಡುವುದು ಸೋಸುವ ಕೆಲಸ. ಒಸರುವ ಜಾಗದ ಹುಲ್ಲು, ಕೆಸರು ತೆಗೆದು, ಒದ್ದೆಯಾದ ಅಂಚಿನಿಂದ ಮೂರು ಅಡಿ ಆಚೆಯವರೆಗೂ ಅರ್ಧ ಅಡಿ ದಪ್ಪಕ್ಕೆ ತೊಳೆದ ಒರಟು ಮರಳು ಹರಡಿ. ಕಾಂಕ್ರೀಟಿಗೆ ಬಳಸುವ ಮರಳು ಬೇಕು. ಗಾರೆಯ ನುಣುಪು ಮರಳೂ ಬೇಡ, ಪುಡಿ ತುಂಬಿದ ಎಂ-ಸ್ಯಾಂಡೂ ಬೇಡ. ಅದರ ಮೇಲೆ ಅರ್ಧ ಅಡಿ ಸಣ್ಣ ಜಲ್ಲಿ, ಅದರ ಮೇಲೆ ಮುಕ್ಕಾಲು ಇಂಚಿನ ಜಲ್ಲಿ, ಕೊನೆಗೆ ಭಾರಕ್ಕೆ ದಪ್ಪ ಕಲ್ಲು. ಈ ಕ್ರಮ ತಲೆಕೆಳಗಾಗಬಾರದು. ಕಲ್ಲನ್ನು ನೇರವಾಗಿ ಮಣ್ಣಿನ ಮೇಲೆ ಹಾಕಿದರೆ ಕಲ್ಲಿನ ಸಂದಿಯಲ್ಲಿ ಮಣ್ಣು ಕೊಚ್ಚಿಹೋಗುತ್ತಲೇ ಇರುತ್ತದೆ, ಮೇಲಿನಿಂದ ನೋಡುವವರಿಗೆ ಭದ್ರವಾಗಿ ಕಾಣುತ್ತದೆ. ಇದು ತಾತ್ಕಾಲಿಕ ಕಟ್ಟು. ನಿಜವಾದ ರಿಪೇರಿ ಒಳಮೈಯಲ್ಲಿ, ಬೇಸಿಗೆಯಲ್ಲಿ.

ಅದಕ್ಕೂ ಮೊದಲು ನೀರು ಇಳಿಸಬೇಕು. ಹಳ್ಳದ ಕಟ್ಟೆ ಬಟ್ಟಲಿನಂತೆ ಮೇಲೆ ಅಗಲವಾಗಿರುವುದರಿಂದ, ಹನ್ನೆರಡು ಅಡಿಯಲ್ಲಿ ಮೇಲಿನ ಮೂರೇ ಅಡಿ ಇಳಿಸಿದರೆ ನೀರಿನಲ್ಲಿ ಅರ್ಧ ಹೊರಗೆ ಹೋಗಿರುತ್ತದೆ, ಸುಮಾರು 45 ಲಕ್ಷ ಲೀಟರ್. ಏರಿಯ ಮೇಲಿನ ಒತ್ತಡವೂ ಇಳಿಯುತ್ತದೆ. ನಿಮ್ಮ ಮೋಟಾರು ಐದು ಎಚ್‌ಪಿಯದು, ಸೆಕೆಂಡಿಗೆ ಹತ್ತು ಲೀಟರ್ ಎತ್ತುತ್ತದೆ ಎಂದಿಟ್ಟುಕೊಂಡರೂ, ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಸಿಕ್ಕರೆ ಈ ಕೆಲಸಕ್ಕೆ ಹದಿನೆಂಟು ದಿನ ಬೇಕು. ಅಷ್ಟರಲ್ಲಿ ಒಂದು ಮಳೆ ಬಂದರೆ ಮತ್ತೆ ಮೊದಲಿನಂತೆಯೇ. ಆದ್ದರಿಂದ ಆರು ಇಂಚಿನ ಪೈಪನ್ನು ಏರಿಯ ಮೇಲೆ ಹಾಯಿಸಿ ಸೈಫನ್ ಮಾಡಿ. ಒಂದು ತುದಿ ಕಟ್ಟೆಯ ನೀರಿನಲ್ಲಿ, ಇನ್ನೊಂದು ಏರಿಯ ಬುಡದಿಂದ ದೂರಕ್ಕೆ, ಕಲ್ಲಿನ ಹಾಸಿನ ಮೇಲೆ. ಮೊದಲು ಪೈಪಿನ ತುಂಬ ನೀರು ತುಂಬಿಸಿ ಬಿಟ್ಟರೆ, ಒಳಗೆ ಗಾಳಿ ಸೇರದಿರುವಷ್ಟು ಕಾಲ ವಿದ್ಯುತ್ತಿನ ಹಂಗಿಲ್ಲದೆ ಹಗಲೂ ರಾತ್ರಿ ಹರಿಯುತ್ತದೆ, ಸೆಕೆಂಡಿಗೆ 30 ಲೀಟರಿನವರೆಗೂ. ಹೊರತುದಿಗೆ ವಾಲ್ವ್ ಇರಲಿ. ಬಗ್ಗಡ ಕಾಣದಿದ್ದರೆ ದಿನಕ್ಕೆ ಒಂದು ಅಡಿಗಿಂತ ಹೆಚ್ಚು ಇಳಿಸಬೇಡಿ, ಏಕೆಂದರೆ ನೀರು ಥಟ್ಟನೆ ಇಳಿದರೆ ನೆನೆದ ಒಳಮೈ ಆಸರೆ ತಪ್ಪಿ ಜಾರುತ್ತದೆ. ಬಗ್ಗಡ ಹೆಚ್ಚುತ್ತಿದ್ದರೆ ಆ ಲೆಕ್ಕ ಬಿಟ್ಟು ಪೂರ್ತಿ ತೆರೆಯಿರಿ. ಯಾವ ಕಾರಣಕ್ಕೂ ಏರಿಯನ್ನು ಜೆಸಿಬಿಯಿಂದ ಸೀಳಿ ನೀರು ಬಿಡಬೇಡಿ. ಒಂದು ಅಡಿ ಅಗಲಕ್ಕೆ ಸೀಳಿದ ಮಣ್ಣು ಆಮೇಲೆ ಎಷ್ಟು ಅಗಲವಾಗಬೇಕೆಂದು ನೀರೇ ತೀರ್ಮಾನಿಸುತ್ತದೆ.

ಇಷ್ಟೆಲ್ಲ ಬರೆದರೂ ನಿಮ್ಮ ಕಟ್ಟೆಯ ದೊಡ್ಡ ದೋಷ ನನಗೆ ಬೇರೆ ಕಡೆ ಕಾಣುತ್ತಿದೆ. ಅದಕ್ಕೆ ಕೋಡಿಯಿಲ್ಲ, ಅಂದರೆ ತುಂಬಿ ಹೆಚ್ಚಾದ ನೀರು ಏರಿಗೆ ತಾಗದೆ ಹೊರಹರಿಯುವ ಅಗಲವಾದ ದಾರಿಯಿಲ್ಲ. ಎರಡು ಪೈಪುಗಳನ್ನು ಕೋಡಿ ಎನ್ನಲಾಗದು. ಮೇಲಿನ ನೂರು ಎಕರೆಯ ಮೇಲೆ ಒಂದು ಗಂಟೆಯಲ್ಲಿ ಮೂರು ಇಂಚು ಮಳೆ ಸುರಿದು, ಅದರಲ್ಲಿ ನೂರಕ್ಕೆ ನಲವತ್ತು ಭಾಗ ಹರಿದು ಬಂದರೂ ಸೆಕೆಂಡಿಗೆ ಸುಮಾರು 3,400 ಲೀಟರ್ ನೀರು ಒಳಗೆ ಬರುತ್ತದೆ. ನಿಮ್ಮ ಎರಡು ಪೈಪು ಕಸ ಕಟ್ಟದೆ ಪೂರ್ತಿ ಹರಿದರೂ ಸೆಕೆಂಡಿಗೆ 150 ಲೀಟರ್ ಹೊರಹಾಕಬಲ್ಲವು. ತುಂಬಿದ ಕಟ್ಟೆಗೆ ಅಂಥ ಮಳೆ ಬಿದ್ದರೆ ಪೈಪಿನ ಮೇಲೆ ಉಳಿದಿರುವ ನಾಲ್ಕು ಅಡಿ ಏರಿ ಸುಮಾರು ಮುಕ್ಕಾಲು ಗಂಟೆಯಲ್ಲಿ ಮುಗಿದು ನೀರು ಏರಿಯ ನೆತ್ತಿ ಹತ್ತುತ್ತದೆ. ಅಂಥ ಮಳೆ ಪ್ರತಿವರ್ಷ ಬರುವುದಿಲ್ಲ. ಬಂದೇ ಇಲ್ಲ ಎಂದು ಹೇಳುವ ಹಾಗೂ ಇಲ್ಲ. 2022ರ ಆಗಸ್ಟಿನಲ್ಲಿ ರಾಮನಗರದ ಬಳಿ ಕೆರೆಗಳು ಉಕ್ಕಿ ಬೆಂಗಳೂರು–ಮೈಸೂರು ಹೆದ್ದಾರಿಯೇ ಮುಳುಗಿದ್ದನ್ನು ನೀವು ಮರೆತಿರಲಾರಿರಿ. ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಕಟ್ಟೆಗಳು ಆಗಲೇ ತುಂಬಿ ನಿಂತಿರುವ ಹೊತ್ತಿಗೆ ಬರುತ್ತದೆ. ಜಗತ್ತಿನಲ್ಲಿ ಒಡೆದ ಮಣ್ಣಿನ ಅಣೆಕಟ್ಟುಗಳಲ್ಲಿ ಸರಿಸುಮಾರು ಅರ್ಧ ಹೀಗೆ ನೆತ್ತಿಯ ಮೇಲೆ ನೀರು ಹರಿದೇ ಒಡೆದಿವೆ.

ಹಾಗಾದರೆ ಜೆಸಿಬಿಯವರು ಹೇಳಿದಂತೆ ಎತ್ತರಿಸಬಹುದಲ್ಲ ಎನ್ನಬಹುದು. ಮೂರು ಅಡಿ ಎತ್ತರಿಸಿ ಮೇಲಿನ ಅಗಲ ಎಂಟು ಅಡಿಯನ್ನೇ ಉಳಿಸಬೇಕಾದರೆ, ಒಂದು ಅಡಿ ಎತ್ತರಕ್ಕೆ ಒಳಗೆ ಎರಡೂವರೆ ಅಡಿ, ಹೊರಗೆ ಎರಡು ಅಡಿ ಅಗಲದ ಇಳಿಜಾರಿನ ಲೆಕ್ಕದಲ್ಲಿ ಹೊರಬುಡ ಹದಿಮೂರೂವರೆ ಅಡಿ ಆಚೆಗೆ ಹೋಗಬೇಕು, ಏರಿಯ ಉದ್ದಕ್ಕೂ. ಅಷ್ಟು ಮಣ್ಣು ತಂದು ಪದರ ಪದರವಾಗಿ ಕುಟ್ಟುವುದನ್ನು ಅವರು ಹೇಳುತ್ತಿಲ್ಲ. ಮೇಲೆ ಸಡಿಲ ಮಣ್ಣು ಸುರಿದು ಬಕೆಟ್ಟಿನಿಂದ ತಟ್ಟಿ ಹೋಗುವುದನ್ನು ಹೇಳುತ್ತಿದ್ದಾರೆ. ಆ ಮಣ್ಣನ್ನೂ ಸಾಮಾನ್ಯವಾಗಿ ಕಟ್ಟೆಯ ಅಂಗಳದಿಂದ, ಏರಿಯ ಒಳಬುಡಕ್ಕೆ ಅಂಟಿದಂತೆಯೇ ತೋಡುತ್ತಾರೆ. ನಲವತ್ತು ವರ್ಷ ನಿಂತ ಹೂಳೇ ಅಲ್ಲಿ ನೀರು ಇಂಗದಂತೆ ಕಾಯುತ್ತಿರುತ್ತದೆ, ಅದನ್ನು ಕೆರೆದರೆ ಹೊಸ ಒಸರು ಗ್ಯಾರಂಟಿ. ಹೂಳು ತೆಗೆಸುವುದಾದರೆ ಒಳಬುಡದಿಂದ ಮೂವತ್ತು ಅಡಿ ಬಿಟ್ಟು ತೆಗೆಸಿ.

ಎತ್ತರಿಸುವ ಹಣದಲ್ಲಿ ಕೋಡಿ ಮಾಡಿಸಿ. ಏರಿಯ ಮೇಲೆ ಬೇಡ, ಏರಿ ಮುಗಿದು ಗಟ್ಟಿ ನೆಲ ಶುರುವಾಗುವ ಬದಿಯಲ್ಲಿ. ಒಂದೂವರೆ ಅಡಿ ಆಳಕ್ಕೆ ನೀರು ಹರಿದರೆ ಮೇಲೆ ಹೇಳಿದ ಪ್ರವಾಹಕ್ಕೆ 21 ಅಡಿ ಅಗಲ ಬೇಕು, 25 ಅಡಿ ಮಾಡಿಸಿ. ಅದರ ಮಟ್ಟ ಈಗಿನ ಪೈಪಿಗಿಂತ ಒಂದು ಅಡಿ ಕೆಳಗೇ ಇರಲಿ. ಒಂದು ಅಡಿ ನೀರು ಹೋದರೆ ಹೋಗಲಿ. ತಳಕ್ಕೆ ಕಲ್ಲು ಹಾಸಿ, ನೀರು ಏರಿಯ ಬುಡಕ್ಕೆ ಮರಳಿ ಬಾರದಂತೆ ಹಳ್ಳದವರೆಗೂ ಕಾಲುವೆ ತೆಗೆಸಿ. ಆಮೇಲೆ ಯಾರೂ ಆ ಕೋಡಿಗೆ ಮರಳಿನ ಮೂಟೆ ಇಡದಂತೆ, ಮೀನು ಹೋಗದಿರಲೆಂದು ಬಲೆ ಕಟ್ಟದಂತೆ ನೋಡಿಕೊಳ್ಳಿ. ಬಲೆಗೆ ಒಂದು ತೆಂಗಿನ ಗರಿ, ನಾಲ್ಕು ಹಿಡಿ ಜೊಂಡು ಸಿಕ್ಕಿಕೊಂಡರೆ 25 ಅಡಿಯ ಕೋಡಿ ಗೋಡೆಯಾಗುತ್ತದೆ.

ಬೇಸಿಗೆಯಲ್ಲಿ ನೀರು ತಳ ಕಂಡಾಗ ಒಳಮೈಯ ರಿಪೇರಿ. ಬಿಲ, ಹುತ್ತ, ಬಿರುಕುಗಳನ್ನು ಕೊನೆಯವರೆಗೂ ಅಗೆದು ತೆರೆದು, ಒಳಮೈಗೆ ಎರಡು ಅಡಿ ದಪ್ಪದ ಜೇಡಿಮಣ್ಣಿನ ಹೊದಿಕೆ ಕೊಡಬೇಕು. ಬಿಲದ ಬಾಯಿಗೆ ಮಾತ್ರ ಮಣ್ಣು ತುರುಕಿದರೆ ಪ್ರಯೋಜನವಿಲ್ಲ. 2019ರ ಜುಲೈನಲ್ಲಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟು ಒಡೆದಾಗ ಏಡಿಗಳೇ ಕಾರಣ ಎಂದು ಅಲ್ಲಿನ ಸಚಿವರೊಬ್ಬರು ಹೇಳಿದ್ದರು. ಏಡಿ, ಹೆಗ್ಗಣ ಏರಿಯನ್ನು ಕೊರೆಯುವುದು ಸುಳ್ಳಲ್ಲ. ಆದರೆ ಸೋರುತ್ತಿದೆ ಎಂದು ಆ ಊರಿನವರು ಮೊದಲೇ ದೂರು ಕೊಟ್ಟಿದ್ದರು, ಅದನ್ನು ಕೇಳಿಸಿಕೊಂಡಿದ್ದರೆ ಅಷ್ಟು ಜೀವಗಳು ಉಳಿಯುತ್ತಿದ್ದವು.

ತರಿಸುವ ಮಣ್ಣಿನ ಹದ ನೋಡಲು ಪ್ರಯೋಗಾಲಯವೇ ಬೇಕಿಲ್ಲ. ರಾಗಿ ಮುದ್ದೆಯ ಹದಕ್ಕೆ ಕಲಸಿ ಅಂಗೈಯಲ್ಲಿ ಹೊಸೆಯಿರಿ. ಪೆನ್ಸಿಲ್ ದಪ್ಪದ ಬತ್ತಿ ಮುರಿಯದೆ ಬಂದರೆ ಅಂಟಿದೆ. ಆಮೇಲೆ ಕಡಲೆಕಾಳಿನಷ್ಟು ಉಂಡೆಯನ್ನು ಗಾಜಿನ ಲೋಟದ ಮಳೆನೀರಿಗೆ ಬಿಟ್ಟು ಹತ್ತು ನಿಮಿಷ ನೋಡಿ. ಉಂಡೆ ಕುಸಿದರೂ ಸುತ್ತಲ ನೀರು ತಿಳಿಯಾಗಿದ್ದರೆ ಬಳಸಬಹುದು. ಹಾಲು ಚೆಲ್ಲಿದಂತೆ ಮೋಡ ಹರಡಿದರೆ ಅದು ಚೌಳಿನ ಗುಣದ ಮಣ್ಣು, ನೀರಿನಲ್ಲಿ ಕರಗಿಹೋಗುತ್ತದೆ, ಎಷ್ಟು ಅಗ್ಗವಾಗಿ ಸಿಕ್ಕರೂ ಬೇಡ. 1369ರ ಪೋರುಮಾಮಿಳ್ಳ ಶಾಸನ ಕೆರೆಗೆ ಆರು ದೋಷಗಳನ್ನು ಹೇಳುತ್ತದೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಈಗಿನ ಕಡಪ ಜಿಲ್ಲೆಯಲ್ಲಿ ಕಟ್ಟಿಸಿದ ಕೆರೆಯ ಶಾಸನ ಅದು. ಏರಿಯಿಂದ ನೀರು ಒಸರುವುದು ಆ ಆರರಲ್ಲಿ ಒಂದು, ಚೌಳು ನೆಲ ಇನ್ನೊಂದು. ಅದನ್ನು ಓದಿದಾಗಲೆಲ್ಲ ಆ ಕೆರೆ ಕೆಲಸದವರ ಅನುಭವಕ್ಕೆ ಕೈಮುಗಿಯಬೇಕೆನಿಸುತ್ತದೆ. ಮಣ್ಣನ್ನು ಅರ್ಧ ಅಡಿಯ ಪದರದಲ್ಲಿ ಹಾಕಿ, ನೀರು ಚಿಮುಕಿಸಿ, ರೋಲರ್ ಓಡಿಸಿ. ಹಿಂದೆ ಎಮ್ಮೆ, ದನಗಳನ್ನು ಓಡಾಡಿಸಿ ತುಳಿಸುತ್ತಿದ್ದರು. ಜೆಸಿಬಿಯ ಚಕ್ರ ಹಾದುಹೋಗುವುದು ಕುಟ್ಟಿದಂತಾಗುವುದಿಲ್ಲ.

ಮರಗಳ ವಿಷಯ ಚಿಕ್ಕದು. ತೋಳಿಗಿಂತ ಸಣ್ಣ ಜಾಲಿ, ಹೊಂಗೆ ಸಸಿಗಳನ್ನು ಈಗಲೇ ಕಡಿಸಿ. ದೊಡ್ಡ ಮರಗಳನ್ನು ಕಟ್ಟೆ ತುಂಬಿರುವಾಗ ಬೇರುಸಹಿತ ಕೀಳಿಸಬೇಡಿ. ಬೇಸಿಗೆಯಲ್ಲಿ ಕೀಳಿಸಿ, ಬೇರಿನ ಗುಂಡಿಯನ್ನು ಪದರಪದರವಾಗಿ ತುಂಬಿಸಿ. ಏರಿಯ ಮೇಲೆ ಗರಿಕೆ ಇದ್ದರೆ ಸಾಕು, ಒಸರು ಬಂದರೆ ಮೊದಲ ದಿನವೇ ಕಣ್ಣಿಗೆ ಬೀಳುತ್ತದೆ.

ಹೊಣೆಯ ಬಗ್ಗೆ ಕೇಳಿದ್ದೀರಿ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳಿಗೆ, ಕೆಲವು ಷರತ್ತಿನ ಮೇಲೆ 10ರಿಂದ 15 ಮೀಟರಿನವಕ್ಕೆ ಅನ್ವಯಿಸುತ್ತದೆ. ನಿಮ್ಮ ಏರಿ ಐದು ಮೀಟರ್ ಕೂಡ ಇಲ್ಲ. ಆ ಕಾಯ್ದೆಯ ಪ್ರಕಾರ ಅದನ್ನು ಪರೀಕ್ಷಿಸಲು ಯಾವ ಅಧಿಕಾರಿಯೂ ಬರುವುದಿಲ್ಲ, ಕಾಯುವವರು ನೀವೇ. ಆದರೆ ಹಾನಿಯಾದರೆ ಪರಿಹಾರದ ಹೊಣೆ ತಪ್ಪುವುದಿಲ್ಲ. ತನ್ನ ನೆಲದಲ್ಲಿ ಅಪಾಯಕಾರಿಯಾದದ್ದನ್ನು ಕೂಡಿಟ್ಟವನು ಅದು ತಪ್ಪಿಸಿಕೊಂಡು ಮಾಡಿದ ಹಾನಿಗೆ ಹೊಣೆ ಎಂಬ ತತ್ತ್ವ ನಮ್ಮ ನ್ಯಾಯಾಲಯಗಳಲ್ಲೂ ಬಳಕೆಯಲ್ಲಿದೆ, ಅದು ಹುಟ್ಟಿದ್ದೇ 1868ರಲ್ಲಿ ಇಂಗ್ಲೆಂಡಿನಲ್ಲಿ ತೀರ್ಮಾನವಾದ ಖಾಸಗಿ ಜಲಾಶಯವೊಂದರ ಮೊಕದ್ದಮೆಯಲ್ಲಿ. ಕಾರ್ವೇಟಿನಗರದ ಜಮೀನ್ದಾರರ ಕೆರೆಗಳು ಒಡೆದು ಮದ್ರಾಸ್ ರೈಲ್ವೆಗೆ ಹಾನಿಯಾದ ಪ್ರಕರಣದಲ್ಲಿ, ಆಗ ನಮ್ಮ ದೇಶದ ಮೇಲ್ಮನವಿಗಳಿಗೆ ಲಂಡನ್ನಿನಲ್ಲಿದ್ದ ಕೊನೆಯ ನ್ಯಾಯಾಲಯವಾದ ಪ್ರಿವಿ ಕೌನ್ಸಿಲ್ 1874ರಲ್ಲಿ ಜಮೀನ್ದಾರರನ್ನು ಬಿಟ್ಟಿತು. ಅವು ತಲೆತಲಾಂತರದಿಂದ ಜನರ ಸಾಗುವಳಿಗಾಗಿ ಇದ್ದ ಕೆರೆಗಳು, ಅವರ ಕಡೆಯಿಂದ ಅಜಾಗರೂಕತೆಯೂ ಕಂಡಿಲ್ಲ ಎಂಬುದು ಕಾರಣ. ನಿಮ್ಮದು ಸ್ವಂತ ತೋಟದ ಕಟ್ಟೆ, ಒಸರು ಕಂಡಿದೆ ಎಂದು ನೀವೇ ಬರೆದಿದ್ದೀರಿ. ಗೊತ್ತಿದ್ದೂ ಸುಮ್ಮನಿದ್ದರೆ ಆ ಆಸರೆ ನಿಮಗೆ ಸಿಗುವುದು ಕಷ್ಟ. ಗ್ರಾಮ ನಕ್ಷೆಯನ್ನೂ ಒಮ್ಮೆ ನೋಡಿ. ಆ ಹಳ್ಳ ನಕ್ಷೆಯಲ್ಲಿ ಸರ್ಕಾರಿ ಹಳ್ಳವೆಂದು ಗುರುತಾಗಿದ್ದರೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ ಪ್ರಕಾರ ಅದು ಸರ್ಕಾರದ್ದು, ಕೋಡಿ ಕೆಲಸಕ್ಕೆ ಕೈಹಾಕುವ ಮುನ್ನ ತಹಶೀಲ್ದಾರರಿಗೂ ಸಣ್ಣ ನೀರಾವರಿ ಇಲಾಖೆಗೂ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಿರಿ. ನೀರು ಏರಿಯ ನೆತ್ತಿಗೆ ಎರಡು ಅಡಿಯವರೆಗೆ ಬಂದರೆ ಅಥವಾ ಬಗ್ಗಡ ಜೋರಾದರೆ, ಮೊದಲು ಕೆಳಗಿನ ಮನೆಗಳಿಗೆ ಫೋನ್ ಮಾಡಿ, ಆಮೇಲೆ 112ಕ್ಕೆ. ರಸ್ತೆಯ ಎರಡೂ ಬದಿಯಲ್ಲಿ ಒಬ್ಬೊಬ್ಬರು ನಿಂತು ವಾಹನ ತಡೆಯಲಿ. ಏರಿಯ ಮೇಲೆ ಯಾರೂ ನಿಲ್ಲಬಾರದು.

ಹದಿನೈದು ದಿನದ ಬಕೆಟ್ ಲೆಕ್ಕವನ್ನೂ ಬಾಟಲಿಯ ಫೋಟೋವನ್ನೂ ನನಗೆ ಕಳುಹಿಸಿ. ಒಸರುವ ಜಾಗದ ಫೋಟೋ ತೆಗೆಯುವಾಗ ಪಕ್ಕದಲ್ಲಿ ಒಂದು ಗುದ್ದಲಿ ಮಲಗಿಸಿ, ತೇವ ಎಷ್ಟು ಅಗಲಕ್ಕಿದೆ ಎಂದು ನನಗೆ ತಿಳಿಯುತ್ತದೆ.